ಇಲ್‌ಖಾನರ ಬೆಳ್ಳಿಯ ನಾಣ್ಯಗಳು: ಒಂದು ವಿಮರ್ಶೆ

೧

ರಾಜರ ಚರಿತ್ರೆಯನ್ನು ಅರಿಯುವುದಕ್ಕೆ ನಾಣ್ಯಗಳು ಎಷ್ಟರಮಟ್ಟಿಗೆ ನೆರವಾಗುತ್ತವೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಬಗೆಯ ಉತ್ತರ ದೊರೆಯುವುದುಂಟು. ಆಸ್ಥಾನದ ಚರಿತ್ರಕಾರನು ಮುಖಸ್ತುತಿ ಮಾಡಬಹುದು, ಕವಿಯು ಉತ್ಪ್ರೇಕ್ಷಿಸಬಹುದು. ನಾಣ್ಯವಾದರೋ ಲೋಹದಲ್ಲಿ ಒತ್ತಿದ ಮಾತಾದುದರಿಂದ ಸುಳ್ಳಾಡಲಾರದು ಎಂಬುದೇ ಆ ಉತ್ತರದ ತಾತ್ಪರ್ಯ. ಇದು ಅರ್ಧ ಸತ್ಯ. ನಾಣ್ಯದ ತೂಕವು ಸುಳ್ಳಾಡುವುದು ಕಷ್ಟ. ಅದರ ಮೇಲಣ ಬರಹಕ್ಕೆ ಆ ನಿರ್ಬಂಧವಿಲ್ಲ. ಬರಹವು ದೊರೆಯ ಇಚ್ಛೆ, ತೂಕವು ಅವನ ಶಕ್ತಿ. ಎರಡನ್ನೂ ಬೇರ್ಪಡಿಸಿ ನೋಡಿದಲ್ಲದೆ ನಾಣ್ಯದಿಂದ ಚರಿತ್ರೆಯನ್ನು ಕಟ್ಟಲು ಹೊರಡುವುದು ಅಪಾಯಕರವಾದ ಕೆಲಸ.

ಈ ಮಾತಿಗೆ ಮಧ್ಯಯುಗದ ಇರಾನನ್ನು ಆಳಿದ ಮಂಗೋಲ ದೊರೆಗಳಾದ ಇಲ್‌ಖಾನರ ಬೆಳ್ಳಿಯ ನಾಣ್ಯಗಳಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ವಿರಳ. ಚೆಂಗೀಸ್ ಖಾನನ ಮೊಮ್ಮಗನಾದ ಹೂಲಾಗು ಕ್ರಿ. ಶ. ೧೨೫೮ರಲ್ಲಿ ಬಾಗ್ದಾದನ್ನು ಹಿಡಿದು ಅಬ್ಬಾಸಿ ಖಲೀಫರ ವಂಶವನ್ನು ಅಲ್ಲಿಂದ ಕಿತ್ತೊಗೆದನು. ಅವನ ಸಂತತಿಯವರು ಅಬೂ ಸಈದನು ೧೩೩೫ರಲ್ಲಿ ಸಂತಾನವಿಲ್ಲದೆ ತೀರಿಕೊಳ್ಳುವವರೆಗೆ ಇರಾನು, ಇರಾಕು, ಅಜರ್‌ಬೈಜಾನುಗಳನ್ನು ಆಳಿದರು. ಎಂಬತ್ತು ವರ್ಷಗಳಿಗೂ ಕಡಮೆಯಾದ ಈ ಅವಧಿಯಲ್ಲಿ ದೊರೆಗಳ ಮತ ಹಲವು ಸಲ ಬದಲಾಯಿತು, ರಾಜಧಾನಿ ಬದಲಾಯಿತು, ಒಮ್ಮೆ ಬೆಳ್ಳಿಯ ಬದಲು ಕಾಗದವನ್ನೇ ಹಣವೆಂದು ಸಾರಿ ನೋಡಿದ್ದೂ ಆಯಿತು. ಇಷ್ಟೆಲ್ಲಕ್ಕೂ ಗುರುತುಗಳು ಈ ಪುಟ್ಟ ನಾಣ್ಯಗಳಲ್ಲಿ ಉಳಿದಿವೆ.

ಇವುಗಳ ಬಗ್ಗೆ ಮೂರು ತೀರ್ಮಾನಗಳು ಬಹುಮಟ್ಟಿಗೆ ರೂಢಿಯಲ್ಲಿವೆ. ನಾಣ್ಯದ ಮೇಲೆ ಇಸ್ಲಾಮಿನ ಕಲಿಮಾ ಇದ್ದರೆ ಅದು ದೊರೆಯ ಮತನಿಷ್ಠೆಯನ್ನು ತೋರಿಸುತ್ತದೆ ಎಂಬುದು ಒಂದು. ಮಹಾಖಾನನ ಉಲ್ಲೇಖ ನಾಣ್ಯದಿಂದ ಮಾಯವಾದಾಗ ಇರಾನಿಗೂ ಚೀನಾದ ಮಂಗೋಲ ಸಿಂಹಾಸನಕ್ಕೂ ಇದ್ದ ಸಂಬಂಧ ಕಡಿದುಹೋಯಿತು ಎಂಬುದು ಎರಡನೆಯದು. ಘಾಜಾನ್ ಖಾನನಿಗೆ ಹಿಂದೆ ಎಲ್ಲವೂ ಅವ್ಯವಸ್ಥೆ, ಅವನಿಂದ ಮುಂದೆ ಎಲ್ಲವೂ ಸುವ್ಯವಸ್ಥೆ ಎಂಬುದು ಮೂರನೆಯದು. ಈ ಮೂರನ್ನೂ ನಾಣ್ಯಗಳ ಎದುರಿಗಿಟ್ಟು ಪರೀಕ್ಷಿಸುವುದು ಅವಶ್ಯ.

೨

ಮೊದಲು ನಾಣ್ಯಗಳ ತಯಾರಿಕೆಯನ್ನು ಕುರಿತು ಎರಡು ಮಾತು. ಯಂತ್ರದ ಅಚ್ಚು ಬರುವುದಕ್ಕೆ ಮುಂಚಿನ ಕಮ್ಮಟಗಳಲ್ಲಿ ಎಲ್ಲ ದೇಶಗಳಲ್ಲಿಯೂ ವಿಧಾನ ಸರಿಸುಮಾರು ಒಂದೇ. ಬೆಳ್ಳಿಯನ್ನು ಶುದ್ಧಿಮಾಡಿ, ತೂಕಕ್ಕೆ ಸರಿಯಾಗಿ ಬಿಲ್ಲೆಗಳನ್ನು ಸಿದ್ಧಪಡಿಸುವುದು. ಅಡಿಗಲ್ಲಿನಲ್ಲಿ ನೆಟ್ಟ ಕೆಳಗಣ ಅಚ್ಚಿನ ಮೇಲೆ ಬಿಲ್ಲೆಯನ್ನಿಡುವುದು. ಮೇಲಣ ಅಚ್ಚನ್ನು ಅದರ ಮೇಲೆ ಹಿಡಿದು ಸುತ್ತಿಗೆಯಿಂದ ಬಡಿಯುವುದು. ಒಂದೇ ಏಟಿಗೆ ಎರಡು ಮುಖಗಳೂ ಮೂಡಬೇಕು. ಬಿಲ್ಲೆ ಜರುಗಿದರೆ ಬರಹ ಅಂಚಿನಿಂದ ಆಚೆಗೆ ಹೋಗುತ್ತದೆ. ಏಟು ಓರೆಯಾದರೆ ಒಂದು ಬದಿ ಚಪ್ಪಟೆಯಾಗಿಯೇ ಉಳಿಯುತ್ತದೆ. ಎರಡನೆಯ ಏಟು ಬಿದ್ದರೆ ಅಕ್ಷರಗಳು ಇಮ್ಮಡಿಸುತ್ತವೆ. ಇಲ್‌ಖಾನರ ನಾಣ್ಯಗಳಲ್ಲಿ ಕಮ್ಮಟದ ಹೆಸರೂ ಹಿಜರಿ ವರ್ಷವೂ ಎಷ್ಟೋ ವೇಳೆ ಅಂಚಿನ ಕಡೆಗಿರುವುದರಿಂದ, ಚರಿತ್ರಕಾರನಿಗೆ ಅತ್ಯಂತ ಬೇಕಾದ ಭಾಗವೇ ಮೊದಲು ನಷ್ಟವಾಗುತ್ತದೆ.

ಈ ದೋಷಗಳನ್ನು ಕಂಡು ಮಂಗೋಲರ ನಾಣ್ಯಗಳು ಒರಟು ಕೆಲಸವೆಂದು ತಳ್ಳಿಹಾಕಿದವರುಂಟು. ಗುಪ್ತರ ಚಿನ್ನದ ನಾಣ್ಯಗಳನ್ನೋ ಯವನರ ಬೆಳ್ಳಿಯನ್ನೋ ನೋಡಿದ ಕಣ್ಣಿಗೆ ಇವು ಸಪ್ಪೆಯಾಗಿ ಕಾಣುವುದು ಸಹಜ. ಆದರೆ ಆ ಹೋಲಿಕೆ ನ್ಯಾಯವಾದುದಲ್ಲ. ಯವನ ನಾಣ್ಯದ ಸೌಂದರ್ಯ ಮೂರ್ತಿಯಲ್ಲಿದೆ. ಇಸ್ಲಾಮೀ ನಾಣ್ಯದ ಸೌಂದರ್ಯ ಬಹುಪಾಲು ಅಕ್ಷರದಲ್ಲಿದೆ. ಅಕ್ಷರವನ್ನು ಅಕ್ಷರವಾಗಿಯೇ ನೋಡಬಲ್ಲವನಿಗೆ ಮಾತ್ರ ಈ ನಾಣ್ಯಗಳು ತಮ್ಮ ಗುಣವನ್ನು ಬಿಟ್ಟುಕೊಡುತ್ತವೆ. ಈ ವಿಷಯಕ್ಕೆ ಮುಂದೆ ಮರಳಬಹುದು.

೩

ಹೂಲಾಗುವಿನ ನಾಣ್ಯಗಳಲ್ಲಿ ಮಹಾಖಾನನಾದ ಮೋಂಗ್ಕೆಯ ಹೆಸರು ಮೊದಲು, ಹೂಲಾಗುವಿನ ಹೆಸರು ಅನಂತರ. ಅಣ್ಣನು ಸಾರ್ವಭೌಮ, ತಮ್ಮನು ಅವನ ಪರವಾಗಿ ಆಳುವವನು ಎಂಬುದು ಇದರ ಅರ್ಥ. ಇವುಗಳ ಜೊತೆಗೆ, ರಾಜ್ಯವನ್ನು ಬೇಕಾದವನಿಗೆ ಕೊಡುವವನೂ ಬೇಕಾದವನಿಂದ ಕಿತ್ತುಕೊಳ್ಳುವವನೂ ದೇವರೇ ಎಂಬ ತಾತ್ಪರ್ಯದ ಕುರಾನಿನ ವಾಕ್ಯವೂ ಬರುತ್ತದೆ. ಖಲೀಫನನ್ನು ಕೊಲ್ಲಿಸಿದ ದೊರೆ, ಸೋತ ಪ್ರಜೆಗಳ ಧರ್ಮಗ್ರಂಥದಿಂದಲೇ ತನ್ನ ಗೆಲುವಿಗೆ ಸಮರ್ಥನೆಯನ್ನು ಆರಿಸಿಕೊಂಡದ್ದು ಇದು. ಹೂಲಾಗು ಮುಸಲ್ಮಾನನಾಗಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು.

ಅವನ ಮಗ ಅಬಾಕಾನ (೧೨೬೫–೮೨) ಕಾಲದಿಂದ ಉಯ್ಘುರ್ ಲಿಪಿಯಲ್ಲಿ ಬರೆದ ಮಂಗೋಲ ಭಾಷೆಯ ವಾಕ್ಯವೊಂದು ಬಳಕೆಗೆ ಬಂತು. ‘ಖಾಗನನ ಹೆಸರಿನಿಂದ ಇಂಥವನು ಬಡಿಯಿಸಿದ್ದು’ ಎಂದು ಅದರ ಅರ್ಥ. ಇಲ್ಲಿಯ ಕ್ರಿಯಾಪದ ‘ದೆಲೆದ್ಕೆಗುಲುಗ್‌ಸೆನ್’. ‘ದೆಲೆದ್’ ಎಂದರೆ ಬಡಿ, ಹೊಡೆ. ಕಮ್ಮಟದ ಸುತ್ತಿಗೆಯ ಸದ್ದು ಈ ಪದದಲ್ಲಿಯೇ ಇದೆ. ಖಾಗನ್ ಎಂದರೆ ಪೂರ್ವದಲ್ಲಿರುವ ಮಹಾಖಾನ. ಹೆಸರು ಅವನದು, ಬಡಿಯಿಸಿದವನು ಮಾತ್ರ ಇರಾನಿನ ಖಾನ.

ಈ ವಾಕ್ಯದ ಹಿಂಬದಿಯಲ್ಲಿ ಇರುವುದು ಅರಬ್ಬೀ ಲಿಪಿಯ ಕಲಿಮಾ. ಅಬಾಕಾ ಮುಸಲ್ಮಾನನಲ್ಲ, ಅವನ ಮಗ ಅರ್ಘೂನನು (೧೨೮೪–೯೧) ಬೌದ್ಧಮತದಲ್ಲಿ ಗಾಢವಾದ ಶ್ರದ್ಧೆಯುಳ್ಳವನು, ಆಯುಷ್ಯವೃದ್ಧಿಗೆಂದು ಭಾರತದಿಂದ ಬಂದ ಸಾಧಕನೊಬ್ಬನು ಕೊಟ್ಟ ರಸೌಷಧವನ್ನು ಸೇವಿಸಿ ರೋಗಕ್ಕೀಡಾದವನೆಂದು ಚರಿತ್ರಕಾರ ರಶೀದುದ್ದೀನನು ಬರೆದಿದ್ದಾನೆ. ಆದರೂ ಇವರಿಬ್ಬರ ಬೆಳ್ಳಿಯಲ್ಲಿ ಕಲಿಮಾ ತಪ್ಪದೆ ಬರುತ್ತದೆ. ಇವರ ಕಾಲದಲ್ಲಿಯೇ ಜಾರ್ಜಿಯ ಪ್ರಾಂತಕ್ಕಾಗಿ ಹೊರಟ ನಾಣ್ಯಗಳಲ್ಲಿ ಕಲಿಮಾ ಇಲ್ಲ. ಅದರ ಸ್ಥಾನದಲ್ಲಿ ಶಿಲುಬೆಯ ಗುರುತೂ, ತಂದೆ ಮಗ ಪವಿತ್ರಾತ್ಮ ಎಂಬ ಕ್ರೈಸ್ತಸೂತ್ರವೂ ಇವೆ. ಆ ಸೂತ್ರವಾದರೂ ಅರಬ್ಬೀ ಭಾಷೆಯಲ್ಲಿಯೇ ಇದೆ. ಒಬ್ಬನೇ ದೊರೆ, ತಬ್ರೀಜಿನ ಪೇಟೆಗೆ ಒಂದು ಧರ್ಮಸೂತ್ರ, ಟಿಫ್ಲಿಸಿನ ಪೇಟೆಗೆ ಇನ್ನೊಂದು.

ಇದರಿಂದ ತಿಳಿದುಬರುವುದೇನು? ನಾಣ್ಯದ ಒಂದು ಮುಖ ಮಾತನಾಡುವುದು ಅದನ್ನು ಕೈಯಲ್ಲಿ ಹಿಡಿಯುವ ಪ್ರಜೆಯೊಡನೆ; ಇನ್ನೊಂದು ಮುಖ ಮಾತನಾಡುವುದು ಮಂಗೋಲ ಸರದಾರರೊಡನೆ ಮತ್ತು ಅವರ ವಂಶದ ಹಿರಿಯನೊಡನೆ. ಬಜಾರಿನ ವರ್ತಕರಲ್ಲಿ ಉಯ್ಘುರ್ ಲಿಪಿಯನ್ನು ಓದಬಲ್ಲವರು ತೀರ ಕೆಲವರೇ ಇದ್ದಿರಬೇಕು. ಅವರಿಗೆ ಅದು ಬರಹವಲ್ಲ, ಮುದ್ರೆ. ಕಲಿಮಾ ಇದ್ದ ಮಾತ್ರಕ್ಕೆ ದೊರೆ ಮುಸಲ್ಮಾನನೆಂದು ಹೇಳುವಂತಿಲ್ಲ. ಅವನ ಪೇಟೆ ಮುಸಲ್ಮಾನರದೆಂದು ಹೇಳಬಹುದು, ಅಷ್ಟೆ. ಶೈವ ದೊರೆಯೊಬ್ಬನು ಬಸದಿಗೆ ದತ್ತಿ ಬಿಟ್ಟ ಶಾಸನದ ಮೊದಲಲ್ಲಿ ಜಿನಶಾಸನದ ಸ್ತುತಿಯನ್ನು ಓದಿ ಅಭ್ಯಾಸವಿರುವ ಕನ್ನಡ ಸಂಶೋಧಕನಿಗೆ ಈ ವಿವೇಕವನ್ನು ಹೊಸದಾಗಿ ಹೇಳಬೇಕಾದುದಿಲ್ಲ.

೪

ಇದೇ ವಿಚಾರಕ್ಕೆ ಇನ್ನೂ ಸ್ವಾರಸ್ಯವಾದ ಉದಾಹರಣೆ ಗೈಖಾತುವಿನ (೧೨೯೧–೯೫) ನಾಣ್ಯಗಳು. ಇವುಗಳಲ್ಲಿ ದೊರೆಯ ಹೆಸರು ಗೈಖಾತು ಎಂದು ಬರುವುದಿಲ್ಲ. ‘ಇರಿಂಚಿನ್ ದೋರ್ಜಿ’ ಎಂದು ಬರುತ್ತದೆ. ಇದು ಬೌದ್ಧಗುರುಗಳಿಂದ ಬಂದ ಟಿಬೆಟನ್ ಹೆಸರು. ಅದರ ಮೂಲರೂಪ ‘ರಿಂಚೆನ್ ದೋರ್ಜೆ’. ರಿಂಚೆನ್ ಎಂದರೆ ರತ್ನ, ದೋರ್ಜೆ ಎಂದರೆ ವಜ್ರ. ರತ್ನವಜ್ರನೆಂಬ ದೊರೆಯ ಹೆಸರು ಒಂದು ಮುಖದಲ್ಲಿ, ಕಲಿಮಾ ಮತ್ತೊಂದು ಮುಖದಲ್ಲಿ. ಭಾರತದಲ್ಲಿ ಹುಟ್ಟಿ ಟಿಬೆಟನ್ನು ಬಳಸಿ ಮಂಗೋಲರ ನಾಲಗೆಯಲ್ಲಿ ತಿರುಚಿಕೊಂಡ ಈ ಹೆಸರು ಅರಬ್ಬೀ ಧರ್ಮವಾಕ್ಯದೊಡನೆ ಒಂದೇ ಬಿಲ್ಲೆಯಲ್ಲಿ ಕುಳಿತದ್ದು ಆ ಕಾಲದ ಏಷ್ಯಾ ಖಂಡದ ಸ್ಥಿತಿಗೆ ಒಳ್ಳೆಯ ಸಾಕ್ಷಿ.

ಗೈಖಾತುವಿನ ಹೆಸರನ್ನು ಚರಿತ್ರೆ ನೆನೆಯುವುದು ಮಾತ್ರ ಬೆಳ್ಳಿಗಾಗಿ ಅಲ್ಲ, ಕಾಗದಕ್ಕಾಗಿ. ಬೊಕ್ಕಸ ಬರಿದಾದಾಗ ಅವನ ಮಂತ್ರಿ ಸದ್ರುದ್ದೀನ್ ಜಂಜಾನಿಯು ಚೀನಾದ ‘ಚಾವ್’ ಎಂಬ ಕಾಗದದ ಹಣವನ್ನು ಇರಾನಿನಲ್ಲಿ ಜಾರಿಗೆ ತರಲು ಸಲಹೆಯಿತ್ತನು. ಕುಬ್ಲಾಯ್ ಖಾನನ ಪ್ರತಿನಿಧಿಯಾಗಿ ಬಂದಿದ್ದ ಬೋಲದನಿಂದ ವಿವರಗಳನ್ನು ಕೇಳಿಕೊಂಡು, ೧೨೯೪ರಲ್ಲಿ ತಬ್ರೀಜಿನಲ್ಲಿ ಕಾಗದದ ಹಣವನ್ನು ಹೊರಡಿಸಿದರು. ಅದರ ಮೇಲೂ ಕಲಿಮಾ ಇತ್ತು, ಚೀನೀ ಅಕ್ಷರಗಳೂ ಇದ್ದುವು. ಆದರೆ ವರ್ತಕರು ಅಂಗಡಿಗಳನ್ನು ಮುಚ್ಚಿದರು. ಊರಿಗೆ ಆಹಾರ ಬರುವುದು ನಿಂತಿತು. ಎರಡು ತಿಂಗಳು ಕಳೆಯುವಷ್ಟರಲ್ಲಿ ಸರಕಾರ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ಕಾಗದದ ಮೇಲೆ ಯಾವ ಪವಿತ್ರವಾಕ್ಯವಿದ್ದರೂ ಪೇಟೆ ಅದನ್ನು ನಂಬಲಿಲ್ಲ. ಬರಹಕ್ಕೆ ಬೆಲೆ ಬರುವುದು ಬೆಳ್ಳಿಯ ಮೇಲಿದ್ದಾಗ ಎಂಬ ಪಾಠವನ್ನು ತಬ್ರೀಜಿನ ದಿನಸಿ ಅಂಗಡಿಯವರು ದೊರೆಗೆ ಕಲಿಸಿದರು.

ಸುಮಾರು ಮೂವತ್ತೈದು ವರ್ಷಗಳ ಅನಂತರ ದಿಲ್ಲಿಯ ಮಹಮ್ಮದ್ ಬಿನ್ ತುಘಲಕನು ಬೆಳ್ಳಿಯ ಟಂಕದ ಬೆಲೆಗೆ ಹಿತ್ತಾಳೆ-ತಾಮ್ರಗಳ ಸಂಕೇತನಾಣ್ಯಗಳನ್ನು ಹೊರಡಿಸಿ ಸೋತದ್ದು ಎಲ್ಲರಿಗೂ ತಿಳಿದ ಸಂಗತಿ. ಅವುಗಳಲ್ಲಿ ಕೆಲವು ದೌಲತಾಬಾದಿನ ಕಮ್ಮಟದಿಂದಲೂ ಬಂದುವು. ಆ ಪ್ರಯೋಗಕ್ಕೆ ಚೀನಾ ಮತ್ತು ಇರಾನುಗಳ ಚಾವ್ ಪ್ರೇರಣೆಯಾಗಿರಬಹುದೆಂದು ಇತಿಹಾಸಕಾರರು ಊಹಿಸಿದ್ದಾರೆ. ಪ್ರೇರಣೆ ಎಲ್ಲಿಂದಲೇ ಬಂದಿರಲಿ, ಸೋಲಿನ ಕಾರಣ ಮಾತ್ರ ಒಂದೇ: ದೊರೆಯ ಮಾತನ್ನು ಪೇಟೆ ತೂಗಿ ನೋಡಿತು.

೫

ಈಗ ಘಾಜಾನನ (೧೨೯೫–೧೩೦೪) ವಿಷಯ. ಇವನು ೧೨೯೫ರಲ್ಲಿ ಇಸ್ಲಾಮನ್ನು ಸ್ವೀಕರಿಸಿ ಮಹಮೂದನೆಂಬ ಹೆಸರನ್ನು ತಳೆದು ಸಿಂಹಾಸನವೇರಿದನು. ಅವನ ಮಂತ್ರಿಯೂ ಚರಿತ್ರಕಾರನೂ ಆದ ರಶೀದುದ್ದೀನನು ಅವನ ಸುಧಾರಣೆಗಳಲ್ಲಿ ನಾಣ್ಯಸುಧಾರಣೆಗೆ ದೊಡ್ಡ ಸ್ಥಾನ ಕೊಟ್ಟಿದ್ದಾನೆ. ಮೊದಲು ಪ್ರಾಂತ ಪ್ರಾಂತಕ್ಕೂ ಬೆಳ್ಳಿಯ ಮಟ್ಟ ಬೇರೆಯಾಗಿತ್ತು. ವರ್ತಕರು ಸರಕಿನ ವ್ಯಾಪಾರವನ್ನು ಬಿಟ್ಟು ನಾಣ್ಯದ ವ್ಯಾಪಾರಕ್ಕೇ ಇಳಿದಿದ್ದರು. ಘಾಜಾನನು ಶುದ್ಧವಾದ ಬೆಳ್ಳಿಯಲ್ಲಿ ಒಂದೇ ಬಗೆಯ ನಾಣ್ಯವನ್ನು ರಾಜ್ಯದಲ್ಲೆಲ್ಲ ಜಾರಿಗೆ ತಂದನು ಎಂಬುದು ಅವನ ಮಾತಿನ ಸಾರಾಂಶ.

ನಾಣ್ಯಗಳು ಈ ಮಾತನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತವೆ? ತೂಕದ ವಿಷಯದಲ್ಲಿ ಬಹುಮಟ್ಟಿಗೆ ಪೂರ್ತಿಯಾಗಿ. ಘಾಜಾನನ ಹೊಸ ದಿರ್ಹಮಿನ ತೂಕ ಸುಮಾರು ೨.೧೬ ಗ್ರಾಂ, ಎಂದರೆ ಅರ್ಧ ಮಿಸ್ಕಾಲ್. ಎರಡು ದಿರ್ಹಮಿನ ನಾಣ್ಯ ಸುಮಾರು ೪.೩೨ ಗ್ರಾಂ, ಆರು ದಿರ್ಹಮಿಗೆ ಒಂದು ಬೆಳ್ಳಿಯ ದೀನಾರ್, ಹತ್ತು ಸಾವಿರ ದೀನಾರಿಗೆ ಒಂದು ತುಮಾನ್. ಹಿಂದಿನವರ ದಿರ್ಹಮ್‌ಗಳಲ್ಲಿ ಕಾಣುವ ಏರಿಳಿತ ಇಲ್ಲಿ ಇಲ್ಲ. ಎಣಿಸಿ ಕೊಡಬಹುದಾದ ಹಣ, ತೂಗಿ ಕೊಡಬೇಕಾದ ಬೆಳ್ಳಿಯ ಸ್ಥಾನಕ್ಕೆ ಬಂತು. ಜಾರ್ಜಿಯ ಪ್ರಾಂತದ ನಾಣ್ಯವೂ ಈ ಸಾಮಾನ್ಯ ಮಾದರಿಯೊಳಗೆ ಸೇರಿತು.

ಆದರೆ ‘ಹಿಂದೆ ಎಲ್ಲವೂ ಅವ್ಯವಸ್ಥೆ’ ಎಂಬ ಧ್ವನಿಯನ್ನು ಒಪ್ಪುವಂತಿಲ್ಲ. ಅಬಾಕಾನಿಂದ ಗೈಖಾತುವಿನವರೆಗೆ ಬೇರೆ ಬೇರೆ ಕಮ್ಮಟಗಳಲ್ಲಿ ಒಂದೇ ಮಂಗೋಲ ವಾಕ್ಯ ಮತ್ತೆ ಮತ್ತೆ ಬಂದಿರುವುದನ್ನು ಮೇಲೆ ನೋಡಿದುದಾಯಿತು. ಬರಹದ ಏಕರೂಪತೆಗೆ ಹಾದಿ ಘಾಜಾನನಿಗೆ ಮೊದಲೇ ಸಿದ್ಧವಾಗಿತ್ತು. ತೂಕದ ಮತ್ತು ಮಟ್ಟದ ಏಕರೂಪತೆಯೇ ಅವನ ನಿಜವಾದ ಸಾಧನೆ. ರಶೀದುದ್ದೀನನು ತಾನು ಸೇವಿಸಿದ ದೊರೆಯ ಕೀರ್ತಿಯನ್ನು ಹೆಚ್ಚಿಸಲು ಹಿಂದಿನವರನ್ನು ಸ್ವಲ್ಪ ಹೆಚ್ಚಾಗಿಯೇ ಕುಗ್ಗಿಸಿದ್ದಾನೆ. ಅವನು ಸುಳ್ಳುಗಾರನಲ್ಲ, ಮಂತ್ರಿ.

ಇನ್ನು ಬರಹ. ಘಾಜಾನನ ಸುಧಾರಿತ ನಾಣ್ಯದಲ್ಲಿ ‘ಖಾಗನನ ಹೆಸರಿನಿಂದ’ ಎಂಬ ಮಾತು ಹೋಗಿ ‘ಆಕಾಶದೇವತೆಯ ಬಲದಿಂದ ಘಾಜಾನನು ಬಡಿಯಿಸಿದ್ದು’ ಎಂಬ ಮಾತು ಬಂದಿದೆ. ‘ಹೆಸರು’ ಹೋಗಿ ‘ಬಲ’ ಬಂತು. ಖಾಗನ್ ಹೋಗಿ ತೆಂಗ್ರಿ, ಎಂದರೆ ಮಂಗೋಲರ ಆಕಾಶದೇವತೆ, ಬಂತು. ‘ಬಡಿಯಿಸಿದ್ದು’ ಎಂಬುದು ಮಾತ್ರ ಇದ್ದಲ್ಲಿಯೇ ಉಳಿಯಿತು. ಘಾಜಾನನು ಮುಸಲ್ಮಾನನಾದುದರಿಂದ ಕಾಫಿರನಾದ ಮಹಾಖಾನನ ಹೆಸರನ್ನು ಕೈಬಿಟ್ಟನು, ಅಲ್ಲಿಗೆ ಸಂಬಂಧ ಮುಗಿಯಿತು ಎಂದು ಇದಕ್ಕೆ ಅರ್ಥ ಹೇಳುವುದುಂಟು. ಈ ವಾದದಲ್ಲಿ ಎರಡು ತೊಡಕುಗಳಿವೆ.

ಮೊದಲನೆಯದು, ಘಾಜಾನನಿಗಿಂತ ಮೊದಲೇ ಇಸ್ಲಾಮನ್ನು ಸ್ವೀಕರಿಸಿದ ಇಲ್‌ಖಾನನೊಬ್ಬನಿದ್ದನು. ತೆಗೂದರ್ ಅಹ್ಮದನು (೧೨೮೨–೮೪) ತನ್ನ ನಾಣ್ಯಗಳಲ್ಲಿ ಅಹ್ಮದನೆಂಬ ಮುಸಲ್ಮಾನ ಹೆಸರನ್ನೇ ಬರೆಯಿಸಿದನು. ಆದರೆ ಅದನ್ನು ‘ಖಾಗನನ ಹೆಸರಿನಿಂದ’ ಎಂಬ ಹಳೆಯ ವಾಕ್ಯದಲ್ಲಿಯೇ ಬರೆಯಿಸಿದನು. ಮತಾಂತರದಿಂದಲೇ ಖಾಗನನ ಉಲ್ಲೇಖ ಬಿಟ್ಟುಹೋಗುವುದಾಗಿದ್ದರೆ ಅದು ಆಗಲೇ ಬಿಟ್ಟುಹೋಗಬೇಕಾಗಿತ್ತು. ಅಲ್ಲದೆ, ಹೊಸದಾಗಿ ಬಂದ ಮಾತೂ ಇಸ್ಲಾಮಿನದಲ್ಲ. ಮಂಗೋಲರ ಹಳೆಯ ತೆಂಗ್ರಿಯದು.

ಎರಡನೆಯದು, ಸಂಬಂಧ ಕಡಿದುಹೋಗಿದ್ದರೆ ಆ ಕಾಲದ ಬೇರೆ ಪತ್ರಗಳಲ್ಲಿ ಅದರ ಗುರುತು ಕಾಣಬೇಕು. ಘಾಜಾನನು ೧೩೦೨ರಲ್ಲಿ ಪೋಪ್ ಎಂಟನೆಯ ಬೋನಿಫೇಸನಿಗೆ ಬರೆದ ಪತ್ರ ಉಳಿದುಬಂದಿದೆ. ಅದರ ಮೇಲೆ ಒತ್ತಿರುವ ಮುದ್ರೆ ಚೀನೀ ಅಕ್ಷರಗಳದು. ಅವನ ತಮ್ಮ ಒಲ್ಜೈತು ೧೩೦೫ರಲ್ಲಿ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ಪನಿಗೆ ಕಳುಹಿಸಿದ ಪತ್ರದ ಮೇಲೂ ಚೀನೀ ಮುದ್ರೆಯಿದೆ. ಘಾಜಾನನ ನಾಣ್ಯದಲ್ಲಿಯೇ ಅರಬ್ಬೀ ಮತ್ತು ಉಯ್ಘುರ್ ಲಿಪಿಗಳ ಪಕ್ಕದಲ್ಲಿ ಪಗ್ಸ್‌ಪಾ ಲಿಪಿಯ ಅಕ್ಷರಗಳಿವೆ. ಇದು ಪಗ್ಸ್‌ಪಾ ಎಂಬ ಟಿಬೆಟಿನ ಲಾಮಾ ಕುಬ್ಲಾಯ್ ಖಾನನಿಗಾಗಿ ರೂಪಿಸಿದ ಲಿಪಿ. ೧೨೬೯ರಲ್ಲಿ ಮಹಾಖಾನನ ಆಜ್ಞೆಯಿಂದ ಬಳಕೆಗೆ ಬಂದದ್ದು. ಖಾಗನನ ಹೆಸರನ್ನು ತೆಗೆದ ಕೈಯೇ ಖಾಗನನ ಲಿಪಿಯನ್ನು ತಂದು ಇರಿಸಿತು! ಹೀಗಿರುವಲ್ಲಿ ಸಂಬಂಧ ಕಡಿಯಿತೆಂದು ಹೇಳುವುದು ದುಡುಕು. ತನ್ನ ನಾಡಿನೊಳಗೆ ತಾನೇ ಒಡೆಯನೆಂದು ಘಾಜಾನನು ಸಾರಿದನು. ಹೊರಗಿನವರೊಡನೆ ವ್ಯವಹರಿಸುವಾಗ ವಂಶದ ಹಿರಿಮೆಯ ಗುರುತುಗಳನ್ನು ಬಿಟ್ಟುಕೊಡಲಿಲ್ಲ. ಇಷ್ಟನ್ನು ಮಾತ್ರ ನಾಣ್ಯದಿಂದ ಹೇಳಬಹುದು.

ಟಿಬೆಟನ್ ಲಿಪಿಯ ಮೂಲಕ ಪಗ್ಸ್‌ಪಾ ಲಿಪಿಯ ಬೇರು ಬ್ರಾಹ್ಮಿಗೆ ಮುಟ್ಟುತ್ತದೆ. ಕನ್ನಡ ಲಿಪಿಯ ಬೇರೂ ಅಲ್ಲಿಯೇ ಇದೆ. ತಬ್ರೀಜಿನ ಬೆಳ್ಳಿಯ ಮೇಲಣ ಆ ಎರಡು ಮೂರು ಅಕ್ಷರಗಳು ಕನ್ನಡ ಅಕ್ಷರಗಳಿಗೆ ದೂರದ ದಾಯಾದಿಗಳೆಂದರೆ ತಪ್ಪಲ್ಲ.

೬

ಘಾಜಾನನ ವ್ಯವಸ್ಥೆ ಎಷ್ಟು ಕಾಲ ನಿಂತಿತು? ಒಲ್ಜೈತುವಿನ (೧೩೦೪–೧೬) ಮೊದಲ ವರ್ಷಗಳಲ್ಲಿ ತೂಕ ಹಾಗೆಯೇ ಇತ್ತು. ಹಿಜರಿ ೭೧೩ರ ಹೊತ್ತಿಗೆ ಎರಡು ದಿರ್ಹಮಿನ ನಾಣ್ಯ ಸುಮಾರು ೩.೯೬ ಗ್ರಾಮಿಗೆ ಇಳಿಯಿತು. ಅಬೂ ಸಈದನ (೧೩೧೬–೩೫) ಕಾಲದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಕೊನೆಯ ವರ್ಷಗಳಲ್ಲಿ ಸುಮಾರು ೨.೮೮ ಗ್ರಾಮಿಗೆ ಬಂದು ನಿಂತಿತು. ಎಂದರೆ ನಾಲ್ವತ್ತು ವರ್ಷಗಳೊಳಗೆ ಮೂರರಲ್ಲಿ ಒಂದು ಪಾಲು ಬೆಳ್ಳಿ ಕರಗಿಹೋಯಿತು. ಹೆಸರು ದಿರ್ಹಮೇ, ಒಳಗಿನ ಬೆಳ್ಳಿ ಮಾತ್ರ ಬೇರೆ.

ಇದೇ ಕಾಲದಲ್ಲಿ ಬರಹವೂ ಬದಲಾಯಿತು. ಒಲ್ಜೈತು ಶಿಯಾ ಪಂಥಕ್ಕೆ ಸೇರಿದ ಮೇಲೆ, ಹಿಜರಿ ೭೦೯ರಿಂದ, ನಾಣ್ಯದಲ್ಲಿ ಅಲಿಯ ಹೆಸರೂ ಹನ್ನೆರಡು ಇಮಾಮರ ಹೆಸರುಗಳೂ ಬಂದುವು. ಅಬೂ ಸಈದನು ಮತ್ತೆ ಸುನ್ನಿ ಸೂತ್ರಕ್ಕೆ ಮರಳಿ ಮೊದಲ ನಾಲ್ವರು ಖಲೀಫರ ಹೆಸರುಗಳನ್ನು ಬರೆಯಿಸಿದನು. ಅಬಾಕಾನ ಕಾಲದ ಕಲಿಮಾ ದೊರೆಯ ಮತವನ್ನು ತೋರಿಸುವುದಿಲ್ಲವಾದರೆ ಒಲ್ಜೈತುವಿನ ಬರಹವನ್ನೂ ಹಾಗೆಯೇ ಕಡೆಗಣಿಸಬೇಕೆ ಎಂಬ ಆಕ್ಷೇಪಣೆ ಇಲ್ಲಿ ಏಳಬಹುದು. ಹಾಗಲ್ಲ. ಅಬಾಕಾ ಪೇಟೆಗೆ ಒಪ್ಪುವ ಬರಹವನ್ನು ಉಳಿಸಿಕೊಂಡನು. ಒಲ್ಜೈತು ಪೇಟೆಯಲ್ಲಿ ಅನೇಕರಿಗೆ ಒಪ್ಪದ ಬರಹವನ್ನು ತಂದನು. ರೂಢಿಯನ್ನು ಅನುಸರಿಸಿದ ಬರಹಕ್ಕಿಂತ ರೂಢಿಯನ್ನು ಮುರಿದ ಬರಹವೇ ದೊರೆಯ ಮನಸ್ಸಿಗೆ ಹೆಚ್ಚು ನಂಬಲರ್ಹವಾದ ಸಾಕ್ಷ್ಯ.

ತೂಕ ಇಳಿದ ಈ ವರ್ಷಗಳಲ್ಲಿಯೇ ನಾಣ್ಯಗಳ ವಿನ್ಯಾಸ ಅತ್ಯಂತ ಸುಂದರವಾಯಿತೆಂಬುದು ಸೋಜಿಗ. ಬರಹವನ್ನು ಒಮ್ಮೆ ಎಸಳುಗಳ ಚೌಕಟ್ಟಿನೊಳಗೆ, ಒಮ್ಮೆ ಐಮೂಲೆಯೊಳಗೆ, ಒಮ್ಮೆ ಮಸೀದಿಯ ಮಿಹ್ರಾಬಿನ ಕಮಾನಿನೊಳಗೆ ಹೊಂದಿಸಿದರು. ಘಾಜಾನನು ಸ್ಥಾಪಿಸಿದ ಖಾನೀ ಶಕೆಯ ೩೩ನೆಯ ವರ್ಷವನ್ನು ಹೊತ್ತ ಅಬೂ ಸಈದನ ನಾಣ್ಯದಲ್ಲಿ ಕಲಿಮಾ ಚೌಕಾಕಾರದ ಕೂಫೀ ಅಕ್ಷರಗಳಲ್ಲಿ ಹೆಣೆದುಕೊಂಡಿದೆ. ಆ ಕಾಲದ ಇಟ್ಟಿಗೆಯ ಕಟ್ಟಡಗಳ ಗೋಡೆಯಲ್ಲಿ ಕಾಣುವ ಬರಹದ ಶೈಲಿಯೇ ಇದು. ಇದನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ತೂಕ ಬದಲಾದಾಗಲೆಲ್ಲ ವಿನ್ಯಾಸವೂ ಬದಲಾಗಿರುವುದರಿಂದ, ಓದುಬಾರದ ವರ್ತಕನೂ ಚೌಕಟ್ಟಿನ ಆಕಾರವನ್ನು ನೋಡಿ ಹಣದ ಮೌಲ್ಯವನ್ನು ತಿಳಿಯಬಹುದಾಗಿತ್ತು.

ಅಬೂ ಸಈದನ ಮರಣಾನಂತರ ಸರದಾರರು ತಮಗೆ ಬೇಕಾದವರನ್ನು ಸಿಂಹಾಸನದ ಮೇಲೆ ಕೂರಿಸಿದರು. ಒಲ್ಜೈತುವಿನ ಮಗಳಾದ ಸಾತೀ ಬೇಗ್ ೧೩೩೯ರಲ್ಲಿ ತನ್ನ ಹೆಸರಿನಿಂದಲೇ ನಾಣ್ಯ ಹೊರಡಿಸಿದಳು. ಇಲ್‌ಖಾನರ ಮನೆತನದಲ್ಲಿ ಹಾಗೆ ಮಾಡಿದ ಸ್ತ್ರೀ ಅವಳು. ಅವಳ ಕೈಯಲ್ಲಿ ಅಧಿಕಾರವಿರಲಿಲ್ಲ, ನಾಣ್ಯದಲ್ಲಿ ಹೆಸರಿತ್ತು. ಬರಹಕ್ಕೂ ಶಕ್ತಿಗೂ ಇರುವ ಅಂತರಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಾಗಿಲ್ಲ.

೭

ಈ ನಾಣ್ಯಗಳ ಅಧ್ಯಯನದ ಚರಿತ್ರೆಯಲ್ಲಿಯೂ ಇದೇ ಅಂತರ ಕಾಣುತ್ತದೆ. ಬ್ರಿಟಿಷ್ ಮ್ಯೂಜಿಯಮ್ಮಿನ ಮಂಗೋಲ ನಾಣ್ಯಗಳ ಸೂಚಿಯನ್ನು ೧೮೮೧ರಲ್ಲಿ ಪ್ರಕಟಿಸಿದ ಸ್ಟ್ಯಾನ್ಲಿ ಲೇನ್-ಪೂಲರು ದೊರೆಗಳ ಕ್ರಮದಲ್ಲಿ ಬರಹಗಳನ್ನು ಓದಿ ಜೋಡಿಸಿದರು. ಆ ಕೆಲಸವಿಲ್ಲದೆ ಮುಂದಿನದು ಯಾವುದೂ ಸಾಧ್ಯವಾಗುತ್ತಿರಲಿಲ್ಲ. ಆದರೆ ಸೂಚಿಯನ್ನು ಬಳಸುವವನ ಗಮನ ತಾನಾಗಿಯೇ ಬರಹದ ಕಡೆಗೆ ಒಲಿಯಿತು. ಜಾನ್ ಮ್ಯಾಸನ್ ಸ್ಮಿತ್ತರು ೧೯೬೯ರಲ್ಲಿ ಮಂಗೋಲ ಇರಾನಿನ ಬೆಳ್ಳಿಯ ಹಣವನ್ನು ತೂಕದ ದೃಷ್ಟಿಯಿಂದ ಪರೀಕ್ಷಿಸಿದಾಗ ಬೇರೊಂದು ಚರಿತ್ರೆ ತೆರೆದುಕೊಂಡಿತು. ಶೀಲಾ ಬ್ಲೇರರು ೧೯೮೩ರಲ್ಲಿ ಕೊನೆಯ ಇಲ್‌ಖಾನರ ನಾಣ್ಯಗಳನ್ನು ವಿನ್ಯಾಸದ ಮಾದರಿಗಳಾಗಿ ವಿಂಗಡಿಸಿ, ಮಾದರಿಗೂ ತೂಕಕ್ಕೂ ಕಾಲಕ್ಕೂ ಇರುವ ಹೊಂದಾಣಿಕೆಯನ್ನು ತೋರಿಸಿದರು. ಈ ಮೂರು ಮಾರ್ಗಗಳಲ್ಲಿ ಮೂರನೆಯದೇ ಹೆಚ್ಚು ಫಲ ಕೊಟ್ಟಿದೆ. ಅದು ಬರಹವನ್ನೂ ಬೆಳ್ಳಿಯನ್ನೂ ಒಟ್ಟಿಗೆ ಕೇಳುತ್ತದೆ. ಇಂದು ನಾಣ್ಯಕ್ಕೆ ಗಾಯ ಮಾಡದೆ ಕ್ಷಕಿರಣಗಳಿಂದ ಅದರ ಲೋಹದ ಶುದ್ಧಿಯನ್ನು ಅಳೆಯಬಹುದಾದುದರಿಂದ ಈ ಮಾರ್ಗ ಇನ್ನೂ ಮುಂದಕ್ಕೆ ಹೋಗಬಲ್ಲುದು.

ದಕ್ಷಿಣ ಭಾರತದ ಚರಿತ್ರೆಗೂ ಇದರಿಂದ ಪ್ರಯೋಜನವುಂಟು. ಇಲ್‌ಖಾನರ ಕಾಲದ ಚರಿತ್ರಕಾರನಾದ ವಸ್ಸಾಫನು ಪಾರಸೀಕ ಕೊಲ್ಲಿಯಿಂದ ಪಾಂಡ್ಯರ ಮಅಬರಿಗೆ ವರ್ಷಕ್ಕೆ ೧೪೦೦ ಕುದುರೆಗಳನ್ನು ಕಳುಹಿಸುವ ಒಪ್ಪಂದವನ್ನೂ, ಒಂದೊಂದಕ್ಕೆ ೨೨೦ ದೀನಾರ್ ಕೆಂಪು ಚಿನ್ನದ ಬೆಲೆಯನ್ನೂ ಹೇಳಿದ್ದಾನೆ. ಹೊಯ್ಸಳರೂ ಪಾಂಡ್ಯರೂ ಲೆಕ್ಕವಿಟ್ಟದ್ದು ಚಿನ್ನದಲ್ಲಿ, ತಬ್ರೀಜು ಲೆಕ್ಕವಿಟ್ಟದ್ದು ಬೆಳ್ಳಿಯಲ್ಲಿ. ಈ ಎರಡು ಲೋಹಗಳ ವಿನಿಮಯದ ದರವನ್ನು ತಿಳಿಯದೆ ಕುದುರೆಯ ವ್ಯಾಪಾರದ ಲಾಭನಷ್ಟವನ್ನು ನಿರ್ಣಯಿಸುವಂತಿಲ್ಲ. ವಸ್ಸಾಫನ ಸಂಖ್ಯೆಗಳನ್ನು ಎತ್ತಿಕೊಳ್ಳುವವರು ಆ ಕಾಲದ ದಿರ್ಹಮಿನ ತೂಕವನ್ನೂ ಜೊತೆಗಿಟ್ಟುಕೊಳ್ಳಬೇಕು.

ಒಟ್ಟಿನಲ್ಲಿ ಮೊದಲು ಹೇಳಿದ ಮೂರು ತೀರ್ಮಾನಗಳೂ ತಿದ್ದುಪಡಿಗೆ ಅರ್ಹವಾಗಿವೆ. ಕಲಿಮಾ ದೊರೆಯ ಮತಕ್ಕಲ್ಲ, ಮೊದಲಿಗೆ ಅವನ ಪೇಟೆಗೆ ಸಾಕ್ಷಿ. ಖಾಗನನ ಉಲ್ಲೇಖ ಬಿಟ್ಟುಹೋದದ್ದು ಒಳನಾಡಿನ ಒಡೆತನದ ಘೋಷಣೆ, ಸಂಬಂಧದ ಅಂತ್ಯವಲ್ಲ. ಘಾಜಾನನ ಕೀರ್ತಿ ತೂಕದಲ್ಲಿ ನಿಜ, ಬರಹದಲ್ಲಿ ಅರ್ಧ ನಿಜ. ಅದು ಅವನ ತಮ್ಮನ ಮಗನ ಕಾಲಕ್ಕೇ ಮೂರರಲ್ಲಿ ಒಂದು ಪಾಲು ಕಡಮೆಯಾಯಿತು. ನಾಣ್ಯವನ್ನು ಓದುವವನು ಅದನ್ನು ತೂಗಬೇಕು, ತೂಗುವವನು ಓದಬೇಕು. ಒಂದನ್ನೇ ಮಾಡಿದವನ ಕೈಗೆ ಚರಿತ್ರೆಯ ಒಂದು ಮುಖ ಮಾತ್ರ ಸಿಕ್ಕೀತು.